ಟಿಪ್ಪು ಕಾಲದ ಬಾಟ್ಲಿ

"250 ವರ್ಷ ಹಳೇದು. ಟಿಪ್ಪು ಕಾಲದ್ದು," ಎಂದು ಶೀನ ಟವೆಲ್ಲಿನೊಳಗಿಂದ ಅತ್ತರಿನ ಬಾಟಲಿ ತೆಗೆದ. ಹೊರಗೆ ತೀರ್ಥಹಳ್ಳಿಯ ಮಳೆ. ಜಗಲಿಯಲ್ಲಿ ನಾವು ಮೂವರು, ನಡುವೆ ಹಲಸಿನ ಹಪ್ಪಳ.

"ಟಿಪ್ಪು ಬಂದು ನಿಮ್ಮ ಅಟ್ಟದಲ್ಲಿ ಇಟ್ಟು ಹೋದ್ನಾ?" ಎಂದೆ.

ಪಾಪ, ಅವನೊಬ್ಬನ ತಪ್ಪಲ್ಲ. ಈಗ ಮಲೆನಾಡಲ್ಲಿ ಮನೆಗೊಂದು ಹೋಮ್‌ಸ್ಟೇ, ಹೋಮ್‌ಸ್ಟೇಗೊಂದು ಆಂಟಿಕ್ ಮೂಲೆ. ಅಜ್ಜಿಯ ಈಳಿಗೆಮಣೆಯನ್ನು ಗೋಡೆಗೆ ಹೊಡೆದು ಮೇಲೊಂದು ಲೈಟು ಬಿಡುತ್ತಾರೆ. ಕಾಯಿ ಮಾತ್ರ ಮಿಕ್ಸಿಗೆ. ಶೀನನದ್ದೂ ಮುಂದಿನ ತಿಂಗಳು ಓಪನಿಂಗ್.

ಬಾಟಲಿ ಮೇಲೆ ಬೆರಳಾಡಿಸಿದೆ. "ಕೆತ್ತನೆಯ ಅಂಚು ಚುರುಕಾಗಿದೆ. ಅಚ್ಚಲ್ಲಿ ಒತ್ತಿದ್ದಾದ್ರೆ ಚೀಪಿದ ಪೆಪ್ಪರ್‌ಮೆಂಟಿನ ಹಾಗೆ ನುಣ್ಣಗಿರ್ತದೆ, ಪಕ್ಕದಲ್ಲಿ ಅಚ್ಚಿನ ಗೆರೆಯೂ ಸಿಗ್ತದೆ. ಇದು ಚಕ್ರಕ್ಕೆ ಹಿಡಿದು ಕೊರೆದದ್ದು."

"300 ವರ್ಷ!" ಎಂದ ಶೀನ.

ಉಗುರಲ್ಲಿ ತಟ್ಟಿದೆ. ದೇವರ ಮನೆಯ ಗಂಟೆಯ ಹಾಗೆ ನಾದ ಎಳೆಯಿತು. "ಸೀಸ ಹಾಕಿದ ಗಾಜು. ಇಂಗ್ಲೆಂಡಿನ ರೇವನ್ಸ್‌ಕ್ರಾಫ್ಟ್ 1674ರಲ್ಲಿ ಹೊಸ ಗಾಜಿಗೆ ಪೇಟೆಂಟ್ ತಗೊಂಡು, ಆಮೇಲೆ ಸೀಸ ಸೇರಿಸಿ ಹದ ಮಾಡಿದ."

"ಶಿವಾಜಿ ಪಟ್ಟಕ್ಕೆ ಬಂದ ವರ್ಷ," ಎಂದ ವಿಶು.

"ಹಾಗಾದ್ರೆ 350!" ಅಡಿಕೆ ರೇಟೂ ಇಷ್ಟು ಬೇಗ ಏರಿದ್ದನ್ನು ನಾನು ಕಂಡಿಲ್ಲ.

"ತಡಿ ಮಾರಾಯ. ಸೀಸದ ಗಾಜು ಈಗಲೂ ಮಾಡ್ತಾರೆ. ಇದೋ ಒರಳುಗುಂಡಿನ ಭಾರ. ಇಂಗ್ಲೆಂಡಲ್ಲಿ 1745ರ ಕಾನೂನು ಗಾಜಿಗೆ ತೂಕ ನೋಡಿ ತೆರಿಗೆ ಹಾಕಿತು. ಅದು ತೊಲಗಿದ್ದು 1845ಕ್ಕೆ. ಇಷ್ಟು ದಪ್ಪ ಗಾಜಿಗೆ ತೆರಿಗೆ ಕಟ್ಟೋನು ಯಾರು?"

"180ಕ್ಕೆ ಆಗ್ತದಾ?" ಶೀನ ಚೌಕಾಸಿಗಿಳಿದ.

ಬಾಟಲಿ ಮಗುಚಿದೆ. ತಳದ ಗೀರುಗಳು ದಿಕ್ಕಾಪಾಲಾಗಿದ್ದವು. ಒಳ್ಳೇದೇ. ಮೋಸಕ್ಕೆ ಉಪ್ಪುಕಾಗದದಲ್ಲಿ ತಿಕ್ಕಿದ್ರೆ ಎಲ್ಲವೂ ಒಂದೇ ಕಡೆ ಓಡುತ್ತವೆ. ಆದರೆ ಓರೆ ಮಾಡಿ ಬೆಳಕಿಗೆ ಹಿಡಿದಾಗ, ಆಸಿಡ್ಡಿನಲ್ಲಿ ಒತ್ತಿದ ಮಂಜುಮಂಜು ಅಕ್ಷರ ಕಂಡಿತು. ಚೆಕೊಸ್ಲೊವಾಕಿಯಾ.

"ಟಿಪ್ಪುಗೆ ಹೊರದೇಶದ ಸಂಪರ್ಕ ಜಾಸ್ತಿ ಇತ್ತು ಅಲ್ವಾ?" ಎಂದ ಶೀನ.

"ಅವನು ತೀರಿಕೊಂಡದ್ದು 1799. ಆ ದೇಶ ಹುಟ್ಟಿದ್ದು 1918. 1993ಕ್ಕೆ ಅದೂ ಎರಡು ಪಾಲಾಯ್ತು."

ಮುಚ್ಚಳ ಹಾಕಲು ಹೋದೆ. ಲೊಡಲೊಡ. "ಒಂದೊಂದು ಮುಚ್ಚಳವನ್ನೂ ಅದರದೇ ಕತ್ತಿಗೆ ಉಜ್ಜಿ ಕೂರಿಸ್ತಿದ್ರು. ಅದಲುಬದಲಾಗದ ಹಾಗೆ ಎರಡಕ್ಕೂ ಒಂದೇ ನಂಬರು ಗೀರ್ತಿದ್ರು. ನೋಡು, ಕತ್ತಲ್ಲಿ 17, ಮುಚ್ಚಳದಲ್ಲಿ 23. ಇದು ಬೇರೆಯದರದ್ದು."

ಶೀನ ಸುಮ್ಮನಾದ. ಹಪ್ಪಳವನ್ನೂ ಮುಟ್ಟಲಿಲ್ಲ.

"ಅಜ್ಜ ಬೊಂಬಾಯಿಂದ ಜೋಡಿ ತಂದಿದ್ದ," ಎಂದ ಕೊನೆಗೆ. "ಹಿಸ್ಸೆ ಆದಾಗ ಒಂದು ಚಿಕ್ಕಪ್ಪನಿಗೆ ಹೋಯ್ತು."

ಟಿಪ್ಪು ಎಲ್ಲಿ ಹೋದ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಚಿಕ್ಕಪ್ಪನ ಮನೆ ಅಗಳಿನ ಆಚೆಗೇ ಇದೆ. ಹೊಗೆ ಕಾಣುತ್ತದೆ. ಮಾತು ಬಿಟ್ಟು 18 ವರ್ಷ, ಅದೂ ನಾಲ್ಕು ಅಡಿಕೆ ಮರದ ವಿಷಯಕ್ಕೆ.

"ಹಂಗಾದ್ರೆ ಅವರದ್ದೂ ಲೊಡಲೊಡ ಅಂತಿರಬೇಕು," ಎಂದ ವಿಶು.

ಶೀನ ಮುಚ್ಚಳವನ್ನು ಜೇಬಿಗೆ ಹಾಕಿ ಕೊಡೆ ಬಿಚ್ಚಿದ. ಸಂಕದ ಮೇಲೆ ಒಂದು ಗಳಿಗೆ ನಿಂತ. ಆಮೇಲೆ ತಿರುಗಿ ಮಳೆಯಲ್ಲೇ ಕೂಗಿದ.

"ಚಿಕ್ಕಪ್ಪನ ಹತ್ರ ಚೆಕೊಸ್ಲೊವಾಕಿಯಾ ಅಂತ ಬಾಯಿ ಬಿಡ್ಬೇಡಿ! ಅವರೂ ಹೋಮ್‌ಸ್ಟೇ ಮಾಡ್ತಿದ್ದಾರಂತೆ!"