ಮನೆಯೊಳಗೆ ಸೌದೆ ಒಲೆ ಇದ್ದರೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಡ್ಡಾಯನಾ?

ಮೂಡಿಗೆರೆ ತೋಟದವಳು:
ಹಳೆ ಹೆಂಚಿನ ಮನೆ ಪಕ್ಕದಲ್ಲೇ ಆರ್‌ಸಿಸಿ ಮನೆ ಕಟ್ಟಿಸಿದ್ದೇವೆ. ಮಳೆಗಾಲದ ಥಂಡಿಗೆ ಅಂತ ಹಾಲ್‌ನಲ್ಲಿ ಕಬ್ಬಿಣದ ಸೌದೆ ಒಲೆ ಇಡಿಸಿದೆವು, ಪೈಪ್ ತಾರಸಿ ಮೇಲೆ ಹೋಗುತ್ತದೆ. ತೋಟದಲ್ಲಿ ಸಿಲ್ವರ್ ಓಕ್ ಸೌದೆಗೆ ಬರವಿಲ್ಲ. ಇಂಗ್ಲೆಂಡ್‌ನಲ್ಲಿರುವ ಮಗಳು ವಿಡಿಯೋ ಕಾಲ್‌ನಲ್ಲಿ ಒಲೆ ನೋಡಿದವಳೇ "ಅಲಾರಂ ಎಲ್ಲಿ?" ಅಂತ ಶುರು ಮಾಡಿದಳು. ಅವಳ ಬಾಡಿಗೆ ಮನೆಯಲ್ಲಿ ಓನರೇ ಹಾಕಿಸಿದ್ದಾರಂತೆ. ಇಲ್ಲೂ ಅಂಥ ಕಾನೂನು ಇದೆಯಾ? ನಮ್ಮತ್ತೆ ನಗುತ್ತಾರೆ, "ಹೊಗೆ ಕುಡಿದೇ ಬೆಳೆದವರು ನಾವು" ಅಂತ. ಅವರಿಗೆ ರಾತ್ರಿ ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಬೇರೆ ಬೇಕು.

ಸಕಲೇಶಪುರದ ಕಡೆಯವ:
ಸುಮ್ನೆ ಖರ್ಚು ಅಕ್ಕ. ಕಿಟಕಿ ಒಂಚೂರು ತೆಗೆದಿಡಿ, ಸಾಕು.

ಹಾಸನದ ಎಲೆಕ್ಟ್ರಿಷಿಯನ್:
ಜುಲೈ ತಿಂಗಳ ಗಾಳಿಮಳೆಯಲ್ಲಿ ಕಿಟಕಿ ತೆಗೆದಿಟ್ಟು ಯಾರು ಮಲಗುತ್ತಾರೆ ಮಾರಾಯ್ರೆ?

ಅಕ್ಕ, ನಮ್ಮಲ್ಲಿ ಮನೆಗೆ ಕಡ್ಡಾಯ ಇಲ್ಲ. ಇಂಗ್ಲೆಂಡ್‌ನಲ್ಲಿ ಸೌದೆ, ಕಲ್ಲಿದ್ದಲು ಒಲೆ ಇರುವ ಬಾಡಿಗೆ ಮನೆಗಳಿಗೆ 2015ರಲ್ಲೇ ಕಡ್ಡಾಯ ಮಾಡಿದರು. 2022ರ ಅಕ್ಟೋಬರ್‌ನಿಂದ ಗ್ಯಾಸ್ ಬಾಯ್ಲರ್ ಇರುವ ಕೋಣೆಗೂ ಬೇಕು. ಅಡುಗೆಯ ಗ್ಯಾಸ್ ಒಲೆಗೆ ಮಾತ್ರ ವಿನಾಯಿತಿ.

ಆದರೂ ನೀವು ಹಾಕಿಸಿ. ಹೆಂಚಿನ ಮನೆಯಲ್ಲಿ ಸಂದಿಗೊಂದಿಯಿಂದ ಗಾಳಿ ಆಡುತ್ತಿತ್ತು, ಅತ್ತೆಯವರು ಬಚಾವಾದರು. ಆರ್‌ಸಿಸಿ ಮನೆ ಮುಚ್ಚಿದ ಡಬ್ಬಿ ಇದ್ದ ಹಾಗೆ. ಹೊಗೆಯಾದರೆ ಕಣ್ಣುರಿದು ಎದ್ದಾದರೂ ಹೋಗುತ್ತೇವೆ. ಸೌದೆ, ಕೆಂಡ ಉರಿದಾಗ ಬರುವ ಈ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಂತಿ ಬಂದರೂ ಪಿತ್ತ ಅಂದುಕೊಂಡು ಮಲಗಿಬಿಡುತ್ತೇವೆ, ಅಲ್ವಾ? ಒಲೆಗಾದರೂ ಪೈಪ್ ಇದೆ, ಅಗ್ಗಿಷ್ಟಿಕೆಗೆ ಏನೂ ಇಲ್ಲ. ನನ್ನ ಕೇಳಿದರೆ ಅದೇ ದೊಡ್ಡ ಅಪಾಯ. ಮಲಗುವ ಕೋಣೆಯಿಂದ ಅದನ್ನು ಇವತ್ತೇ ಆಚೆ ಇಡಿ, ಅಲಾರಂ ಬರುವ ತನಕ ಕಾಯಬೇಡಿ.

ಅಂಗಡಿಯಲ್ಲಿ ಕೇಳಿದರೆ ಎಲ್‌ಪಿಜಿ ಲೀಕ್ ಅಲಾರಂ ಕೈಗಿಡುತ್ತಾರೆ. ಅದು ಬೇರೆ. ಎಲ್‌ಪಿಜಿ ನೆಲಕ್ಕಿಳಿಯುತ್ತದೆ, ಇದು ಗಾಳಿಯಷ್ಟೇ ಹಗುರ, ಕೋಣೆಯೆಲ್ಲ ಬೆರೆಯುತ್ತದೆ. ಡಬ್ಬದ ಮೇಲೆ ಇಎನ್ 50291 (ಯುರೋಪಿನ ಮಾನದಂಡ) ಅಥವಾ ಯುಎಲ್ 2034 (ಅಮೆರಿಕದ್ದು) ಅಂತ ಇರಬೇಕು. ಯುಎಲ್ ಪ್ರಕಾರ 70 ಪಿಪಿಎಂನಲ್ಲಿ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 70 ಪಾಲು ಈ ಅನಿಲ) 1ರಿಂದ 4 ಗಂಟೆಯೊಳಗೆ, 400ರಲ್ಲಿ 4ರಿಂದ 15 ನಿಮಿಷದೊಳಗೆ ಕೂಗಬೇಕು. ಒಲೆಯಿಂದ 1ರಿಂದ 3 ಮೀಟರ್ ದೂರ ಹಾಕಿ. ಇನ್ನೊಂದು ಅತ್ತೆಯವರ ಕೋಣೆಗೆ, ಮಂಚದಲ್ಲಿ ಮಲಗಿದಾಗ ಮೂಗು ಇರುವ ಎತ್ತರಕ್ಕೆ. ಬ್ಯಾಟರಿಯದ್ದೇ ತಗೊಳ್ಳಿ, ನಿಮ್ಮ ಕಡೆ ಮಳೆಗಾಲದ ಕರೆಂಟು ಗೊತ್ತಲ್ಲ. ಸೆನ್ಸರ್‌ಗೆ ಆಯುಷ್ಯ ಇರುತ್ತದೆ, ಅಲಾರಂ ಹಿಂಬದಿಯಲ್ಲಿ ಬರೆದ ತಾರೀಖು ನೋಡಿ. ಮಳೆಗೆ ಮುಂಚೆ ಪೈಪಿನ ಮಸಿ ತೆಗೆಸಿ, ಹಸಿ ಸೌದೆ ಹಾಕಬೇಡಿ.

ಮೂಡಿಗೆರೆ ತೋಟದವಳು:
ತುಂಬಾ ಉಪಕಾರ ಆಯ್ತು ತಮ್ಮಾ. ಬ್ಯಾಟರಿಯದ್ದೇ ಎರಡು ತರಿಸುತ್ತೇನೆ. ಅಗ್ಗಿಷ್ಟಿಕೆ ಜಗಲಿಗೆ ಹೋಯಿತು, ಅತ್ತೆ ಮಾತು ಬಿಟ್ಟಿದ್ದಾರೆ. ಹೊದೆಯಲು ಇನ್ನೊಂದು ರಗ್ಗು ಕೊಟ್ಟು ನೋಡಬೇಕು.