‘ಹಾರ್ಟ್ ಫೇಲ್’ ಆದವರು ಎದುರಿಗೇ ಕೂತಿದ್ದರೆ ಏನನ್ನಬೇಕು?

ಪದ ಬಲ್ಲವರಲ್ಲಿ ಒಂದು ವಿಚಾರಣೆ: ‘ಹಾರ್ಟ್ ಫೇಲ್ಯೂರ್’ ಎಂಬ ಕಾಯಿಲೆಗೆ ಕನ್ನಡದಲ್ಲಿ ಏನನ್ನೋಣ?

ಗದಗಿನ ಕಡೆಯ ನಮ್ಮ ಕಾಕಾ, ನಿವೃತ್ತ ಸಾಲಿ ಮಾಸ್ತರು, ಹೃದಯ ತೋರಿಸಲು ಪುಣೆಗೆ ಬಂದು ಕೋಥ್ರೂಡಿನ ನಮ್ಮ ಮನೆಯಲ್ಲಿದ್ದಾರೆ. ನಾಲ್ಕು ಮೆಟ್ಟಿಲಿಗೆ ದಮ್ಮು, ಸಂಜೆಗೆ ಕಾಲು ಬಾವು, ಮಲಗಲು ಎರಡು ತಲೆದಿಂಬು. ಎಕೋ (ಹೃದಯದ ಸ್ಕ್ಯಾನ್) ನೋಡಿದ ಡಾಕ್ಟರು ಮರಾಠಿಯಲ್ಲಿ ‘ಪಂಪಿಂಗ್ ಕಮೀ ಆಹೆ’ ಅಂದರು. ಕಾಕಾಗೆ ತಿಳಿಯಿತು, ಗಾಬರಿಯಾಗಲಿಲ್ಲ. ಕೆಡಿಸಿದವನು ನಾನು. ಮನೆಗೆ ಬಂದು ವರದಿ ಓದಿ ‘ಹಾರ್ಟ್ ಫೇಲ್ಯೂರ್’ ಅಂದೆ. ಕಾಕು ಸೆರಗು ಬಾಯಿಗೆ ಒತ್ತಿಕೊಂಡರು. ನಮ್ಮಲ್ಲಿ ಹಾರ್ಟ್ ಫೇಲ್ ಆಯಿತೆಂದರೆ ಮನುಷ್ಯ ಹೋದ, ಮುಂದಿನ ಪ್ರಶ್ನೆ ‘ಮಣ್ಣು ಎಷ್ಟೊತ್ತಿಗೆ?’

ಕಾಕಾನ ತಕರಾರು ಬೇರೆ. ವರದಿಯಲ್ಲಿ ಇಎಫ್ (ಇಜೆಕ್ಷನ್ ಫ್ರ್ಯಾಕ್ಷನ್) ಶೇಕಡಾ 35 ಎಂದಿತ್ತು. ‘ಮೂವತ್ತೈದಕ್ಕ ಪಾಸ್ ಅಲ್ಲೇನಪಾ? ಮತ್ತ ಫೇಲ್ ಅಂತ ಯಾಕ ಬರದಾರ?’

ಎಸ್ಸೆಸ್ಸೆಲ್ಸಿ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎಡ ಹೃತ್ಕುಕ್ಷಿಯಲ್ಲಿ, ಅಂದರೆ ಹೃದಯದ ಕೆಳಗಿನ ಎಡ ಕೋಣೆಯಲ್ಲಿ, ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಎಂಬುದೇ ಇಎಫ್. ನೂರಕ್ಕೆ ನೂರು ಯಾರಿಗೂ ಇರುವುದಿಲ್ಲ. 55ರಿಂದ 70 ಇದ್ದರೆ ಸರಿ. 120 ಮಿಲಿ ತುಂಬಿ 70 ಹೊರಗೆ ಹೋದರೆ ಇಎಫ್ 58. ಹಿಗ್ಗಿದ ಹೃದಯ 200 ತುಂಬಿಸಿಕೊಂಡು ಅದೇ 70 ತಳ್ಳಿದರೆ 35. ನಿಂತಿಲ್ಲ, ಏಗುತ್ತಿದೆ. ಅದಕ್ಕೆ ‘ಫೇಲ್’ ಎನ್ನುವುದೇ ಅನ್ಯಾಯ.

ಹೃದಯಾಘಾತ ಎಂದರೆ ಹೃದಯಕ್ಕೇ ರಕ್ತ ಕೊಡುವ ನಾಳ ಕಟ್ಟಿಕೊಂಡು ಸ್ನಾಯು ಸಾಯುವುದು. ಹೃದಯಸ್ತಂಭನ, ಬಡಿತ ಥಟ್ಟನೆ ನಿಲ್ಲುವುದು. ಪತ್ರಿಕೆಗಳು ಇವೆರಡನ್ನೂ ಕಲಸಿಬಿಡುತ್ತವೆ, ಆದರೂ ಪದಗಳಾದರೂ ಇವೆ. ವರ್ಷಗಟ್ಟಲೆ ಔಷಧದ ಮೇಲೆ ನಡೆಯುವ ಈ ಮೂರನೆಯದಕ್ಕೆ ‘ಹೃದಯ ವೈಫಲ್ಯ’ ಎನ್ನುತ್ತಾರೆ. ಅದು ಫೇಲಿಗೆ ಪಂಚೆ ಉಡಿಸಿದ ಹಾಗೆ, ಅಷ್ಟೆ.

‘ಹೃದಯ ದೌರ್ಬಲ್ಯ’ ಹೊಂದುತ್ತದೆ ಅಂದುಕೊಂಡೆ. ಕಾಕಾ ತಟ್ಟನೆ ಗೀತೆಯ ಎರಡನೇ ಅಧ್ಯಾಯಕ್ಕೆ ಹೋದರು: ‘ಕ್ಷುದ್ರಂ ಹೃದಯದೌರ್ಬಲ್ಯಂ’. ಅರ್ಜುನನಿಗಿದ್ದದ್ದು ಅಂಜಿಕೆ, ಕಾಲು ಬಾವಲ್ಲ. ‘ಗುಂಡಿಗೆ’ ಹಿಡಿದರೂ ಅದೇ ಪಾಡು, ಗುಂಡಿಗೆ ಇಲ್ಲದವನೆಂದರೆ ಹೇಡಿ. ಕಾಲು ಸೋತು ಬಂತು ಅನ್ನುವಂತೆ ‘ಹೃದಯ ಸೋತಿದೆ’ ಅನ್ನೋಣವೆಂದರೆ, ಎಪ್ಪತ್ತೆರಡರ ಕಾಕಾ ಯಾರಿಗೆ ಸೋತರು ಎಂದು ನನ್ನ ಹೆಂಡತಿ ನಕ್ಕಳು.

ನನಗೆ ಸದ್ಯ ‘ಹೃದಯದ ಬಳಲಿಕೆ’ ಹಿಡಿಸಿದೆ. ಬಳಲಿದ್ದು ಸತ್ತಿಲ್ಲ, ವಿಶ್ರಾಂತಿ ಔಷಧ ಕೊಟ್ಟರೆ ಸುಧಾರಿಸಲೂಬಹುದು. ‘ಪಂಪು ಕಡಿಮೆ’ ಇನ್ನೂ ಸಲೀಸು, ಆದರೆ ಪೂರ್ತಿ ಸರಿಯಲ್ಲ: ಇಎಫ್ 50ರ ಮೇಲಿದ್ದೂ ಇದೇ ರೋಗ ಬರುತ್ತದೆ. ಅಲ್ಲಿ ಸ್ನಾಯು ಬಿಗಿದುಕೊಂಡು ಸಡಿಲವಾಗುವುದಿಲ್ಲ, ರಕ್ತ ಸರಿಯಾಗಿ ತುಂಬುವುದಿಲ್ಲ. ಪದ ಎರಡಕ್ಕೂ ಹೊಂದಬೇಕು.

ಇಎಫ್‌ಗೂ ಒಂದು ಹೆಸರು ಬೇಕು. ‘ರೇಚನಾಂಶ’ ಅಂತ ಕಟ್ಟಿದ್ದೆ; ಭೇದಿ ಗುಳಿಗೆಯ ನೆನಪಾಗುತ್ತದೆಂದು ಬಿಟ್ಟೆ. ‘ತಳ್ಳುವ ಪಾಲು’ ತೀರಾ ಬೋಳೇ? ಇಲ್ಲಿ ಮರಾಠಿ ಶಾಲೆಗೆ ಹೋಗುವ ಮಗಳು ಹೃದಯದ ಮೇಲಿನ ಕೋಣೆಯಾದ ಹೃತ್ಕರ್ಣಕ್ಕೆ ಅಲಿಂದ, ಹೃತ್ಕುಕ್ಷಿಗೆ ನಿಲಯ ಅನ್ನುತ್ತಾಳೆ. ನಿಲಯ ಅಂದರೆ ಕಾಕಾಗೆ ಹಾಸ್ಟೆಲ್ಲೇ.

ದಮ್ಮು, ಕಾಲು ಬಾವು ಎರಡೂ ಸೇರಿದ ಈ ಕಾಯಿಲೆಗೆ ನಿಮ್ಮ ಊರಲ್ಲಿ ಹಿರಿಯರು ಬೇರೆ ಹೆಸರು ಹೇಳುತ್ತಿದ್ದರೆ ದಯವಿಟ್ಟು ಬರೆಯಿರಿ. ಕಾಕಾ ಮಾತ್ರ ಊರಿಗೆ ಫೋನು ಮಾಡಿದಾಗೆಲ್ಲ ‘ಗಾಡಿ ಪಿಕಪ್ ಕಡಿಮಿ ಆಗೇದ’ ಅನ್ನುತ್ತಿದ್ದಾರೆ. ಅವರಿಗಾಗಿ ಗುಳಿಗೆಗಳ ವೇಳಾಪಟ್ಟಿಯನ್ನು ಕನ್ನಡದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ. ಮೇಲೆ ರೋಗದ ಹೆಸರಿನ ಜಾಗ ಇನ್ನೂ ಖಾಲಿ.