ಹರಾಜಿನ ಜೇಡ್ ಫೋಟೋ: ಭೂವಿಜ್ಞಾನ ಬ್ಯಾಚ್ ಗುಂಪಿನಲ್ಲಿ ವಾದ

ಶ್ರೀನಿವಾಸ: 📷 ಫಾರ್ವರ್ಡ್ ಆಗಿ ಬಂತು. ಚೀನಾದ ಲಿಯಾಂಗ್‌ಝು ಸಂಸ್ಕೃತಿಯ ಕಾಲದ ತ್ಸುಂಗ್ ಅನ್ನೋ ಜೇಡ್ ಕಲ್ಲಿನ ವಸ್ತುವಂತೆ, ಹೊರಗೆ ಚೌಕ, ಒಳಗೆ ದುಂಡು ರಂಧ್ರ. 4500 ವರ್ಷ ಹಳೇದು. ‘ಚಾಕುವಿನಿಂದ ಗೀರಿದರೂ ಗೀರು ಬೀಳಲ್ಲ, ಹಾಗಾಗಿ ಅಸಲಿ’ ಅಂತ ಬರೆದಿದ್ದಾರೆ. ಸರಿಯಾಗೇ ಇದೆಯಲ್ಲ?

ಮೀರಾ: ಇಲ್ಲ ಶೀನ. ಜೇಡ್ ಅಂತ ಕರೆಯೋ ಕಲ್ಲುಗಳಲ್ಲಿ ಒಂದಾದ ನೆಫ್ರೈಟ್ ಗಡಸುತನ 1ರಿಂದ 10ರ ಮೋಸ್ ಮಾಪಕದಲ್ಲಿ 6ರಿಂದ 6.5, ಚಾಕುವಿನದು ಸುಮಾರು 5.5. ಹೋದ ವರ್ಷ ಕೆತ್ತಿದ ನೆಫ್ರೈಟ್‌ಗೂ ಗೀರು ಬೀಳಲ್ಲ. ಕಲ್ಲು ಯಾವುದು ಅಂತ ಗೊತ್ತಾಗುತ್ತೆ, ಕೆತ್ತಿದ್ದು ಯಾವಾಗ ಅಂತ ಅಲ್ಲ.

ಶ್ರೀನಿವಾಸ: ಸಾಂದ್ರತೆ ನೋಡಿದ್ರೆ? ಗಾಳಿಯಲ್ಲಿ 147 ಗ್ರಾಂ, ನೀರಲ್ಲಿ ತೂಗುಬಿಟ್ಟಾಗ 97 ಬಂದ್ರೆ ಕಡಿಮೆಯಾದದ್ದು 50; 147 ಭಾಗಿಸು 50, ಅಂದ್ರೆ 2.94. ನೆಫ್ರೈಟೇ.

ಇಕ್ಬಾಲ್: ಲೆಕ್ಕ ಸರಿ. ಜೇಡ್ ಥರಾನೇ ಕಾಣೋ ಮೆತ್ತನೆ ಕಲ್ಲು ಸರ್ಪೆಂಟೈನ್ ಆಗಿದ್ರೆ 2.6ರ ಆಸುಪಾಸು ಬರ್ತಿತ್ತು. ಆದ್ರೆ ಲಿಯಾಂಗ್‌ಝು ಗೋರಿಗಳ ಎಷ್ಟೋ ಜೇಡ್ ಮಣ್ಣಿನಲ್ಲಿದ್ದು ಸುಣ್ಣದ ಹಾಗೆ ಬಿಳಿಚಿಕೊಂಡಿವೆ. ಮೇಲ್ಪದರ ಸಡಿಲ ಆಗಿ ಸೂಕ್ಷ್ಮ ರಂಧ್ರ ಬಿದ್ದಿರುತ್ತೆ. ಗೀರೂ ಬೀಳುತ್ತೆ, ಸಾಂದ್ರತೆಯೂ ಇಳಿಯುತ್ತೆ. ಅಸಲಿಯೇ ನಿನ್ನ ಎರಡೂ ಪರೀಕ್ಷೆಯಲ್ಲಿ ಫೇಲ್ ಆಗಬಹುದು. ಅಷ್ಟು ಹಳೇ ವಸ್ತುವನ್ನು ಚಾಕುವಿನಲ್ಲಿ ಗೀರೋದಂತೂ ಮಹಾ ತಪ್ಪು.

ಶ್ರೀನಿವಾಸ: ಫೋಟೋದಲ್ಲೂ ಬಿಳಿ ಮಚ್ಚೆ ಇದೆಯಲ್ಲಪ್ಪ!

ಇಕ್ಬಾಲ್: ಬೆಂಕಿಯಲ್ಲಿ ಕಾಯಿಸಿದ್ರೂ ಬಿಳಿಚುತ್ತೆ.

ಮೀರಾ: ರಂಧ್ರ ನೋಡಿ. ನೆಫ್ರೈಟ್ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರೋದ್ರಿಂದ ಉಳಿ ಏಟಿಗೆ ಬಗ್ಗಲ್ಲ, ಒದ್ದೆ ಮರಳು ಹಾಕಿ ಸವೆಸಲೇಬೇಕು. ಉದ್ದ ತ್ಸುಂಗ್ ಆದ್ರೆ ಟೊಳ್ಳು ಕೊಳವೆ ತಿರುಗಿಸಿ ಎರಡೂ ತುದಿಯಿಂದ ಕೊರೀತಿದ್ರು. ಮರಳು ರಂಧ್ರದ ಬಾಯಿಯ ಹತ್ತಿರ ಹೆಚ್ಚು ಹೊತ್ತು ಉಜ್ಜೋದ್ರಿಂದ ಅಲ್ಲಿ ಅಗಲ, ಒಳಗೆ ಕಿರಿದು. ಎರಡು ರಂಧ್ರ ನೇರಕ್ಕೆ ಸೇರದೆ ಮಧ್ಯೆ ಮೆಟ್ಟಿಲು ಉಳಿಯುತ್ತೆ. ಇದರಲ್ಲಿ ಪೈಪ್ ಥರ ಒಂದೇ ಅಳತೆ!

ಶ್ರೀನಿವಾಸ: ಆಮೇಲೆ ಉಜ್ಜಿ ನುಣುಪು ಮಾಡಿರಬಹುದಲ್ಲ?

ಇಕ್ಬಾಲ್: ಮೀರಾ, ಅವನ ಮಾತೂ ನಿಜ. ಕೆಲವದರಲ್ಲಿ ಮೆಟ್ಟಿಲನ್ನ ಉಜ್ಜಿ ತೆಗೆದಿದ್ದಾರೆ. ರಂಧ್ರ ಒಂದನ್ನೇ ನೋಡಿ ತೀರ್ಪು ಕೊಡಬೇಡ. ಹೊರಗೆ ಕೆತ್ತಿರೋ ಮುಖದ ಚಿತ್ರದ ಗೆರೆಗಳಿಗೆ ಬಾ. 1986ರಲ್ಲಿ ಫಾನ್‌ಶಾನ್ ಅನ್ನೋ ಲಿಯಾಂಗ್‌ಝು ಸ್ಮಶಾನದ 12ನೇ ಗೋರಿಯಲ್ಲಿ ಸಿಕ್ಕ 6.5 ಕಿಲೋ ತ್ಸುಂಗ್ ನೋಡು, ಕೂದಲೆಳೆಯಂಥ ಗೆರೆಗಳು. ಗಟ್ಟಿ ಕಲ್ಲಿನ ಮೊನೆಯಿಂದ ಕೈಯಲ್ಲೇ ಗೀಚಿದ್ದು. ಭೂತಗನ್ನಡಿಯಲ್ಲಿ ಒಂದೊಂದು ಗೆರೆಯೂ ಸಣ್ಣ ಸಣ್ಣ ಗೀರು ಒಂದರ ಮೇಲೊಂದು ಬಿದ್ದಿರೋದು ಕಾಣುತ್ತೆ, ತಿರುವಿನಲ್ಲಿ ಮೊನೆ ಜಾರಿರುತ್ತೆ. ಅದಕ್ಕೇ ನಂಗೆ ಆ ಕೆಲಸದ ಮೇಲೆ ಅಷ್ಟು ಗೌರವ. ವಜ್ರದ ಚಕ್ರದಲ್ಲಿ ಕೊರೆದ ಗೆರೆ ಬೇರೆ: ನಡುವೆ ಆಳ, ಎರಡೂ ತುದಿ ಚೂಪು, ತಳದಲ್ಲಿ ಸಮಾನಾಂತರ ಗೀರು.

ಮೀರಾ: ಒಪ್ಪಿದೆ. ಆದ್ರೂ ನೇರ ರಂಧ್ರ ಅನುಮಾನಕ್ಕೆ ಸಾಕು.

ಶ್ರೀನಿವಾಸ: ಸರಿ, ಮಾರೋರ ಹತ್ರ ಏನು ಕೇಳಲಿ?

ಇಕ್ಬಾಲ್: ಗೆರೆ ತುದಿಗಳ ಕ್ಲೋಸಪ್, 10 ಪಟ್ಟು ಲೆನ್ಸ್, ಬೆಳಕು ಪಕ್ಕದಿಂದ ಓರೆಯಾಗಿ. ರಂಧ್ರದ ಒಳಗೂ ಟಾರ್ಚ್ ಬಿಟ್ಟು ಒಂದು. ಎಲ್ಲಿ ಅಗೆದು ಸಿಕ್ಕಿದ್ದು, ಯಾರ ಕೈಯಿಂದ ಬಂತು ಅನ್ನೋ ಕಾಗದ ಪತ್ರ ಮೊದಲು ಕೇಳು. ಅಲ್ಲೀತನಕ ಬಿಡ್ ಹಾಕಬೇಡ.